ಚಕ್ರ ನೆಲ ಮುಟ್ಟಿದ ಮೇಲಿನ ಹತ್ತು ಸೆಕೆಂಡ್

ಅಡ್ಡಗಾಳಿಯಲ್ಲಿ ವಿಮಾನ ಇಳಿಯುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೀವು ನೋಡೇ ಇರ್ತೀರಿ. ಅಷ್ಟು ದೊಡ್ಡ ವಿಮಾನ ಏಡಿ ನಡೆದ ಹಾಗೆ ಓರೆಯಾಗಿ ಬರುತ್ತೆ. ರನ್‌ವೇ ಒಂದು ಕಡೆ, ವಿಮಾನದ ಮೂಗು ಇನ್ನೊಂದು ಕಡೆ. ಕೊನೇ ಕ್ಷಣದಲ್ಲಿ ಮೂಗು ನೇರ ಆಗುತ್ತೆ, ಚಕ್ರದಿಂದ ಹೊಗೆ ಏಳುತ್ತೆ, ವಿಡಿಯೊ ಅಲ್ಲಿಗೆ ಮುಗಿಯುತ್ತೆ. ನಾವು ಲೈಕ್ ಒತ್ತಿ ಮುಂದಿನದಕ್ಕೆ ಹೋಗ್ತೀವಿ.

ಇಂಥ ವಿಡಿಯೊಗಳಲ್ಲಿ ತುಂಬಾ ಹೆಸರು ಮಾಡಿದ್ದು ಜರ್ಮನಿಯ ಹ್ಯಾಂಬರ್ಗ್‌ನದು. 2008ರ ಮಾರ್ಚ್ 1, ಎಮ್ಮಾ ಅನ್ನೋ ಬಿರುಗಾಳಿಯ ದಿನ. ಮ್ಯೂನಿಕ್‌ನಿಂದ ಬಂದ ಲುಫ್ತಾನ್ಸಾದ ಏರ್‌ಬಸ್ ಎ320, ಒಳಗೆ 137 ಜನ. ರನ್‌ವೇ 23ರಲ್ಲಿ ಇಳಿಯುವಾಗ ವಿಮಾನ ಎಡಕ್ಕೆ ವಾಲಿತು, ಎಡರೆಕ್ಕೆಯ ತುದಿ ನೆಲಕ್ಕೆ ಉಜ್ಜಿತು. ಪೈಲಟ್‌ಗಳು ಇಳಿಯುವ ಹಟ ಬಿಟ್ಟು ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೆ ಹೋದರು. ಆಮೇಲೆ ಗಾಳಿಗೆ ಹೆಚ್ಚು ಎದುರಾಗಿದ್ದ ರನ್‌ವೇ 33ರಲ್ಲಿ ಇಳಿದರು. ಯಾರಿಗೂ ಏನೂ ಆಗಲಿಲ್ಲ.

ಆದರೆ ಇವತ್ತಿನ ಮಾತು ದೊಡ್ಡ ವಿಮಾನದ್ದಲ್ಲ. ಎರಡು ಸೀಟು, ನಾಲ್ಕು ಸೀಟಿನ ಸಣ್ಣ ವಿಮಾನದ್ದು. ಪೈಲಟ್ ಆಗಬೇಕು ಅಂತ ಫ್ಲೈಯಿಂಗ್ ಸ್ಕೂಲ್ ಸೇರುವ ನಮ್ಮ ಹುಡುಗ ಹುಡುಗಿಯರು ಮೊದಲು ಕೂರೋದು ಇದರಲ್ಲೇ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಆ ಗಂಟೆಗಳ ಬಹುಪಾಲು ಹೀಗೆ ಸಣ್ಣ ವಿಮಾನದಲ್ಲೇ ಕಳೆಯುತ್ತೆ. ಈ ವಿಮಾನಗಳ ಅಪಘಾತ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಾಕ್ಯ ಇದೆ: ಇಳಿದ ಮೇಲೆ ದಿಕ್ಕಿನ ಹತೋಟಿ ತಪ್ಪಿತು. ಗಮನಿಸಿ, 'ಇಳಿಯುವಾಗ' ಅಲ್ಲ, ಬಹಳ ಸಲ 'ಇಳಿದ ಮೇಲೆ'. ವಿಡಿಯೊ ಎಲ್ಲಿ ಮುಗಿಯುತ್ತೋ ಅಲ್ಲಿಂದ ಶುರುವಾಗುವ ತೊಂದರೆ ಇದು.

ಮೊದಲು ಒಂದು ಸಣ್ಣ ಲೆಕ್ಕ. ಗಾಬರಿ ಬೇಡ, ಹತ್ತನೇ ಕ್ಲಾಸಿನ ತ್ರಿಕೋನಮಿತಿಗಿಂತ ಕಷ್ಟದ್ದಲ್ಲ.

ಗಾಳಿ ಪಕ್ಕದಿಂದ 15 ನಾಟ್ ವೇಗದಲ್ಲಿ ಬೀಸ್ತಿದೆ ಅಂದ್ಕೊಳ್ಳಿ. ಅಂದ್ರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಸ್ಕೂಟರ್ ಮೇಲೆ ಹೋಗುವಾಗ ಹ್ಯಾಂಡಲ್ ಒಂಚೂರು ಅಲುಗಾಡಿಸುವಷ್ಟು ಗಾಳಿ, ಅಷ್ಟೆ. ದೊಡ್ಡ ಬೋಯಿಂಗ್ 737 ಸುಮಾರು 140 ನಾಟ್ ವೇಗದಲ್ಲಿ ಇಳಿಯೋಕೆ ಬರುತ್ತೆ. ಈ ಗಾಳಿಯಲ್ಲಿ ಅದು ನೇರ ದಾರಿ ಹಿಡಿಯಬೇಕಾದರೆ ಮೂಗನ್ನು ಗಾಳಿಯ ಕಡೆಗೆ 6 ಡಿಗ್ರಿ ತಿರುಗಿಸಿದರೆ ಸಾಕು. ಅದೇ ಗಾಳಿಯಲ್ಲಿ ಸೆಸ್ನಾ 172 ಬರೋದು ಸುಮಾರು 65 ನಾಟ್‌ನಲ್ಲಿ. ಅದಕ್ಕೆ 13 ಡಿಗ್ರಿ ಬೇಕು. ಗಾಳಿ ಒಂದೇ, ಓರೆ ಎರಡು ಪಟ್ಟು. ಜೊತೆಗೆ ಸೆಸ್ನಾದ ತೂಕ ಪೂರ್ತಿ ತುಂಬಿದಾಗಲೂ 1,150 ಕಿಲೋ ಆಸುಪಾಸು, ಒಂದು ಸಾಧಾರಣ ಕಾರಿನಷ್ಟು. ಆದರೆ ಕಾರಿಗೆ ಹನ್ನೊಂದು ಮೀಟರ್ ಅಗಲದ ರೆಕ್ಕೆಯೂ ಇಲ್ಲ, ಹಿಂದೆ ಅಷ್ಟೆತ್ತರದ ಬಾಲವೂ ಇಲ್ಲ. ಗಾಳಿಗೆ ಹಿಡಿದುಕೊಳ್ಳೋಕೆ ಇಲ್ಲಿ ಬೇಕಾದಷ್ಟು ಜಾಗ ಇದೆ.

ಇನ್ನು ರನ್‌ವೇ ಯಾಕೆ ಗಾಳಿಗೆ ಎದುರಾಗಿ ಇರಲ್ಲ ಅಂತ ಕೇಳಬಹುದು. ವಿಮಾನಯಾನದ ಮೊದಲ ದಶಕಗಳಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಆಗ ವಿಮಾನ ನಿಲ್ದಾಣ ಅಂದ್ರೆ ದೊಡ್ಡ ಹುಲ್ಲು ಮೈದಾನ. ಗಾಳಿ ಎಲ್ಲಿಂದ ಬರ್ತಿದೆಯೋ ಆ ಕಡೆ ಮುಖ ಮಾಡಿ ಇಳಿದರಾಯ್ತು. ವಿಮಾನದ ತೂಕ ಹೆಚ್ಚಿದಂತೆ ಗಟ್ಟಿ ನೆಲ ಬೇಕಾಯ್ತು. ಸಿಮೆಂಟು, ಡಾಂಬರಿನ ಪಟ್ಟಿ ಬಂತು. ಆ ಪಟ್ಟಿಗೆ ಎರಡೇ ದಿಕ್ಕು. ಗಾಳಿಗೆ ಮುನ್ನೂರ ಅರವತ್ತು.

ಹಾಗಾಗಿ ರನ್‌ವೇ ಹಾಕುವ ಮೊದಲು ಆ ಊರಿನ ಗಾಳಿಯ ದಾಖಲೆ ನೋಡ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸೂಚನೆ ಏನಪ್ಪಾ ಅಂದ್ರೆ, ಶೇ 95ರಷ್ಟು ಸಮಯವಾದರೂ ಅಡ್ಡಗಾಳಿ ಮಿತಿಯೊಳಗೆ ಇರುವ ಹಾಗೆ ರನ್‌ವೇ ದಿಕ್ಕು ಆರಿಸಬೇಕು. ದೊಡ್ಡ ವಿಮಾನಗಳ ಉದ್ದದ ರನ್‌ವೇಗೆ ಆ ಮಿತಿ 20 ನಾಟ್, ಸಣ್ಣ ವಿಮಾನಗಳ ಚಿಕ್ಕ ರನ್‌ವೇಗೆ 10 ನಾಟ್. ಬೆಂಗಳೂರನ್ನೇ ನೋಡಿ. ಜಕ್ಕೂರು, ಎಚ್‌ಎಎಲ್, ದೇವನಹಳ್ಳಿ ಮೂರೂ ಕಡೆ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮಕ್ಕೇ ಇದೆ. ಮುಂಗಾರಿನಲ್ಲಿ ಇಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಜೋರಾಗಿ ಬೀಸುತ್ತೆ, ಚಳಿಗಾಲದಲ್ಲಿ ಪೂರ್ವದಿಂದ. ಆದರೆ ಶೇ 95 ಅಂದ್ರೆ ಉಳಿದ ಶೇ 5 ಇದ್ದೇ ಇದೆ ಅಲ್ವಾ? ಆ ಹೊತ್ತಲ್ಲಿ ಮೇಲೆ ಇರುವವರು ಇಳಿಯಲೇಬೇಕಲ್ಲ.

ಜಕ್ಕೂರಿನ ಲೆಕ್ಕ ತಗೊಳ್ಳೋಣ. ಅಲ್ಲಿಯ ರನ್‌ವೇಗೆ 08–26 ಅಂತ ಹೆಸರು. 26 ಅಂದ್ರೆ ದಿಕ್ಸೂಚಿಯ 260 ಡಿಗ್ರಿ, ಪಶ್ಚಿಮಕ್ಕಿಂತ ಸ್ವಲ್ಪ ಎಡಕ್ಕೆ. ಟವರ್‌ನಿಂದ ಹೇಳ್ತಾರೆ, ಗಾಳಿ 230 ಡಿಗ್ರಿಯಿಂದ 16 ನಾಟ್. ರನ್‌ವೇಗೂ ಗಾಳಿಗೂ 30 ಡಿಗ್ರಿ ವ್ಯತ್ಯಾಸ. ಇದಕ್ಕೆ ಪೈಲಟ್‌ಗಳು ಗಡಿಯಾರದ ಲೆಕ್ಕ ಹಾಕ್ತಾರೆ. 15 ನಿಮಿಷ ಅಂದ್ರೆ ಕಾಲು ಗಂಟೆ, 30 ಅಂದ್ರೆ ಅರ್ಧ, 45 ಅಂದ್ರೆ ಮುಕ್ಕಾಲು, 60 ಅಂದ್ರೆ ಪೂರ್ತಿ. ಹಾಗೇ 15 ಡಿಗ್ರಿಗೆ ಗಾಳಿಯ ಕಾಲು ಭಾಗ ಅಡ್ಡಗಾಳಿ, 30 ಡಿಗ್ರಿಗೆ ಅರ್ಧ. ಅಂದ್ರೆ ಈಗ 8 ನಾಟ್. ಪರವಾಗಿಲ್ಲ. ಅರ್ಧ ಗಂಟೆ ಬಿಟ್ಟು ಗಾಳಿ 200 ಡಿಗ್ರಿಗೆ ತಿರುಗಿತು, ವೇಗ ಅಷ್ಟೇ 16. ಈಗ ವ್ಯತ್ಯಾಸ 60 ಡಿಗ್ರಿ. ಗಡಿಯಾರದ ಲೆಕ್ಕದಲ್ಲಿ ಪೂರ್ತಿ 16, ಸರಿಯಾಗಿ ಲೆಕ್ಕ ಹಾಕಿದರೆ 14. ಗಡಿಯಾರ ಸ್ವಲ್ಪ ಹೆಚ್ಚೇ ತೋರಿಸುತ್ತೆ, ಆ ಕಡೆ ತಪ್ಪಿದರೆ ನಷ್ಟ ಇಲ್ಲ. ನೋಡಿ, ಗಾಳಿ ಒಂದು ನಾಟ್ ಕೂಡ ಹೆಚ್ಚಾಗಲಿಲ್ಲ, ಬರೀ ದಿಕ್ಕು ಬದಲಾಯ್ತು, ಇಳಿಯೋರ ಕೆಲಸ ಹೆಚ್ಚುಕಡಿಮೆ ಎರಡರಷ್ಟಾಯ್ತು.

ಸರಿ, ಈಗ ಆ ವಿಮಾನದೊಳಗೆ ಕೂರೋಣ. ಗಾಳಿ ಎಡದಿಂದ ಬರ್ತಿದೆ. ದೂರದಲ್ಲಿ ಇರುವಾಗ ಮಾಡೋದು ಸುಲಭ. ಕೃಷ್ಣೆಯಲ್ಲಿ ದೋಣಿ ದಾಟಿಸೋರನ್ನ ನೋಡಿದ್ದೀರಾ? ಎದುರು ದಡದಲ್ಲಿ ಯಾವ ಜಾಗ ಮುಟ್ಟಬೇಕೋ ಅದಕ್ಕಿಂತ ಮೇಲಕ್ಕೆ, ಹರಿವಿಗೆ ಎದುರಾಗಿ ಮುಖ ಮಾಡಿ ಹುಟ್ಟು ಹಾಕ್ತಾರೆ. ನೀರು ಕೆಳಗೆ ಎಳೆದು ಎಳೆದು ಕೊನೆಗೆ ದೋಣಿ ಸರಿಯಾದ ಜಾಗಕ್ಕೇ ಬಂದು ಸೇರುತ್ತೆ. ವಿಮಾನವೂ ಹಾಗೇ. ಮೂಗು ಗಾಳಿಯ ಕಡೆಗೆ, ಸಾಗುವುದು ರನ್‌ವೇ ಗೆರೆಯ ಮೇಲೆ. ಇದನ್ನೇ ಕ್ರ್ಯಾಬ್ ಅಂತಾರೆ, ಏಡಿ ನಡಿಗೆ.

ಆದರೆ ಹೀಗೇ ಓರೆಯಾಗಿ ನೆಲ ಮುಟ್ಟೋ ಹಾಗಿಲ್ಲ. ಚಕ್ರ ಒಂದು ಕಡೆ ನೋಡ್ತಿದೆ, ವಿಮಾನ ಇನ್ನೊಂದು ಕಡೆ ಸಾಗ್ತಿದೆ. ಟೈರು, ಚಕ್ರದ ಕಾಲು ಎಲ್ಲಕ್ಕೂ ಪಕ್ಕದಿಂದ ಏಟು. ಅದಕ್ಕೆ ನೆಲ ಹತ್ತಿರ ಬಂದಾಗ ಬಲಗಾಲಿನಿಂದ ರಡ್ಡರ್ ಒತ್ತಿ ಮೂಗನ್ನು ನೇರ ಮಾಡಬೇಕು. ಮಾಡಿದ ತಕ್ಷಣ ಗಾಳಿ ವಿಮಾನವನ್ನು ಬಲಕ್ಕೆ ತಳ್ಳೋಕೆ ಶುರು ಮಾಡುತ್ತೆ. ಅದನ್ನು ತಡೆಯೋಕೆ ಯೋಕ್ ಎಡಕ್ಕೆ ತಿರುಗಿಸಿ ಎಡರೆಕ್ಕೆಯನ್ನು ಗಾಳಿಯ ಕಡೆಗೆ ಇಳಿಸಬೇಕು. ಕೈ ಎಡಕ್ಕೆ, ಕಾಲು ಬಲಕ್ಕೆ. ಹೊಸದಾಗಿ ಕಲಿಯೋರಿಗೆ ತಲೆ ತಿರುಗೋದು ಇಲ್ಲೇ. ಅಲ್ಲಿವರೆಗೆ ಕೈಕಾಲು ಎರಡೂ ಒಂದೇ ಕಡೆಗೆ ಹೋಗಬೇಕು ಅಂತ ಹೇಳಿಕೊಟ್ಟಿರ್ತಾರೆ, ಈಗ ಒಂದಕ್ಕೊಂದು ವಿರುದ್ಧ ಮಾಡು ಅಂತಾರೆ.

ಸರಿಯಾಗಿ ಮಾಡಿದರೆ ವಿಮಾನ ಸ್ವಲ್ಪ ವಾಲಿಕೊಂಡು ಬಂದು ಎಡಚಕ್ರ ಒಂದನ್ನೇ ಮೊದಲು ಊರುತ್ತೆ. ಆಮೇಲೆ ಬಲಚಕ್ರ. ಕೊನೆಗೆ ಮೂಗಿನ ಚಕ್ರ. ಒಂದೇ ಚಕ್ರದ ಮೇಲೆ ಇಳಿಯೋದು ನೋಡೋರಿಗೆ ಎಡವಟ್ಟು ಅನಿಸಬಹುದು. ಅಡ್ಡಗಾಳಿಯಲ್ಲಿ ಅದೇ ಸರಿಯಾದ ಲ್ಯಾಂಡಿಂಗ್.

ಚಕ್ರ ಮುಟ್ಟಿತು. ಕಿರ್ ಅಂತ ಸಣ್ಣ ಸದ್ದು. ಕಲಿಯೋ ಹುಡುಗನ ಎದೆಯಿಂದ ದೊಡ್ಡದೊಂದು ಉಸಿರು ಹೊರಗೆ ಬರುತ್ತೆ. ಅಬ್ಬಾ, ಇಳಿದೆ! ಭುಜ ಸಡಿಲ ಆಗುತ್ತೆ, ಕೈ ಸಡಿಲ ಆಗುತ್ತೆ, ಒತ್ತಿ ಹಿಡಿದಿದ್ದ ಬಲಗಾಲು ತಾನಾಗೇ ಸಡಿಲ ಆಗುತ್ತೆ. ಅಪಘಾತ ಹುಟ್ಟೋದು ಇಲ್ಲಿ.

ಯಾಕೆ ಅಂತ ನೋಡೋಣ. ವಿಮಾನ ನಿಧಾನ ಆಗ್ತಾ ಬರುತ್ತೆ, ಆದರೆ ಗಾಳಿ ನಿಧಾನ ಆಗಲ್ಲ. 60 ನಾಟ್‌ನಲ್ಲಿ ಓಡುವಾಗ 15 ನಾಟ್ ಅಡ್ಡಗಾಳಿ ವಿಮಾನಕ್ಕೆ ತಗಲೋದು ಮೂಗಿನಿಂದ 14 ಡಿಗ್ರಿ ಪಕ್ಕದಿಂದ. ಅಂದ್ರೆ ಬಹುಪಾಲು ಎದುರಿನಿಂದಲೇ ಬಂದ ಹಾಗೆ. ವೇಗ 30ಕ್ಕೆ ಇಳಿದಾಗ ಅದೇ ಗಾಳಿ 27 ಡಿಗ್ರಿಯಿಂದ ಬರುತ್ತೆ. 15ಕ್ಕೆ ಇಳಿದಾಗ 45 ಡಿಗ್ರಿ. ನಿಂತಾಗ ಪೂರ್ತಿ 90, ನೇರ ಪಕ್ಕೆಗೆ. ಇನ್ನೊಂದು ಕಡೆ, ರಡ್ಡರ್ ಕೆಲಸ ಮಾಡೋದು ಅದರ ಮೇಲೆ ಹರಿಯುವ ಗಾಳಿಯಿಂದ. ವೇಗ ಅರ್ಧ ಆದರೆ ಅದರ ಬಲ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ನೆಲ ಮುಟ್ಟಿದ ಮೇಲೆ ಪ್ರತಿ ಸೆಕೆಂಡ್ ಗಾಳಿಯ ಕೈ ಮೇಲಾಗ್ತಾ ಹೋಗುತ್ತೆ, ನಿಮ್ಮ ಕೈ ಕೆಳಗಾಗ್ತಾ ಹೋಗುತ್ತೆ. ಟೈರುಗಳ ಮೇಲೆ ಪೂರ್ತಿ ಭಾರ ಕೂತು ಅವು ನೆಲ ಹಿಡಿಯುವವರೆಗೆ ಒಂದು ನಡುಗಾಲ ಇದೆ. ಅದು ಪೂರ್ತಿ ವಿಮಾನವೂ ಅಲ್ಲ, ಪೂರ್ತಿ ಗಾಡಿಯೂ ಅಲ್ಲ. ಹೆಚ್ಚೆಂದರೆ ಹತ್ತು ಹದಿನೈದು ಸೆಕೆಂಡ್. ಅಷ್ಟೂ ಹೊತ್ತು ಕಾಲು ಸುಮ್ಮನಿರೋ ಹಾಗಿಲ್ಲ.

ಕಾಲು ಸಡಿಲ ಬಿಟ್ಟರೆ ಏನಾಗುತ್ತೆ? ಗಾಳಿಪಟದ ಬಾಲಂಗೋಚಿ ನೆನಪಿಸಿಕೊಳ್ಳಿ. ಬಾಲ ಯಾವಾಗಲೂ ಗಾಳಿ ಹೋಗುವ ಕಡೆಗೇ ಎಳೆಯುತ್ತೆ. ವಿಮಾನದ ಬಾಲವೂ ಅಷ್ಟೆ. ಎಡದಿಂದ ಗಾಳಿ ಬಂದರೆ ಬಾಲವನ್ನು ಬಲಕ್ಕೆ ತಳ್ಳುತ್ತೆ, ಆಗ ಮೂಗು ಎಡಕ್ಕೆ, ಗಾಳಿಯ ಕಡೆಗೇ ತಿರುಗುತ್ತೆ. ರನ್‌ವೇ ನೇರವಾಗಿದೆ, ವಿಮಾನ ಎಡಗಡೆಯ ಹುಲ್ಲಿನ ಕಡೆಗೆ ಹೊರಡುತ್ತೆ.

ಈಗ ಬರುತ್ತೆ ನೋಡಿ, ಎಲ್ಲಕ್ಕಿಂತ ಕೆಟ್ಟ ಕ್ಷಣ. ಕಾರು, ಬೈಕು ಓಡಿಸಿದವರಿಗೆ ಅನಿಸೋದೇನು? ಗಾಡಿ ಎಡಕ್ಕೆ ಹೋಗ್ತಿದೆ, ಸ್ಟೇರಿಂಗ್ ಬಲಕ್ಕೆ ತಿರುಗಿಸು. ಎದುರಿಗೆ ಇರುವ ಯೋಕ್ ಕೂಡ ಸ್ಟೇರಿಂಗ್ ಥರಾನೇ ಕಾಣುತ್ತೆ. ಗಾಬರಿಯಲ್ಲಿ ಕೈ ಅದನ್ನು ಬಲಕ್ಕೆ ತಿರುಗಿಸಿಬಿಡುತ್ತೆ. ಆದರೆ ಯೋಕ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಅದು ರೆಕ್ಕೆಯ ಅಂಚಿನ ಏಲರಾನ್‌ಗಳನ್ನು ಆಡಿಸುತ್ತೆ. ಬಲಕ್ಕೆ ತಿರುಗಿಸಿದಾಗ ಎಡರೆಕ್ಕೆಯ ಏಲರಾನ್ ಕೆಳಗೆ ಇಳಿಯುತ್ತೆ. ಗಾಳಿ ಬರ್ತಿರೋದೇ ಎಡದಿಂದ. ಆ ರೆಕ್ಕೆ ಮೇಲೇಳುತ್ತೆ, ಎಡಚಕ್ರದ ಮೇಲಿನ ಭಾರ ಹೋಗುತ್ತೆ, ರೆಕ್ಕೆಯ ಕೆಳಗೆ ಗಾಳಿ ನುಗ್ಗುತ್ತೆ. ಅದೂ ಸಾಲದು ಅಂತ, ಕೆಳಗಿಳಿದ ಏಲರಾನ್ ಗಾಳಿಗೆ ಹೆಚ್ಚು ಅಡ್ಡ ಬಂದು ಎಡರೆಕ್ಕೆಯನ್ನು ಹಿಂದಕ್ಕೆ ಎಳೆಯುತ್ತೆ. ಮೂಗು ಇನ್ನಷ್ಟು ಎಡಕ್ಕೆ ಹೋಗುತ್ತೆ. ತಪ್ಪಿಸಿಕೊಳ್ಳೋಕೆ ಮಾಡಿದ ಕೆಲಸವೇ ಹುಲ್ಲಿನ ಕಡೆಗೆ ನೂಕುತ್ತೆ.

ಮಾಡಬೇಕಾದದ್ದು ಇದರ ಪೂರ್ತಿ ಉಲ್ಟಾ. ನೆಲ ಮುಟ್ಟಿದ ಮೇಲೆ ಯೋಕ್ ಗಾಳಿಯ ಕಡೆಗೆ, ಅಂದ್ರೆ ಎಡಕ್ಕೆ. ವೇಗ ಇಳಿದ ಹಾಗೆ ಇನ್ನೂ ಎಡಕ್ಕೆ. ಕೊನೆಗೆ ಎಷ್ಟು ತಿರುಗುತ್ತೋ ಅಷ್ಟೂ ಎಡಕ್ಕೆ. ಆಗ ಎಡರೆಕ್ಕೆ ನೆಲದ ಕಡೆ ಒತ್ತಿಕೊಂಡಿರುತ್ತೆ. ಬಲರೆಕ್ಕೆಯ ಏಲರಾನ್ ಕೆಳಗಿಳಿದು ಆ ಕಡೆ ಎಳೆತ ಕೊಡುತ್ತೆ, ಮೂಗು ಗಾಳಿಯ ಕಡೆಗೆ ತಿರುಗದ ಹಾಗೆ ಸಹಾಯ ಮಾಡುತ್ತೆ. ದಿಕ್ಕು ಮಾತ್ರ ಕಾಲಿನದ್ದು. ಕೈ ಗಾಳಿಗೆ, ಕಾಲು ರನ್‌ವೇ ಗೆರೆಗೆ. ಇದನ್ನು ಕೇಳಿ ಅರ್ಥ ಮಾಡಿಕೊಳ್ಳೋಕೆ ಎರಡು ನಿಮಿಷ ಸಾಕು. ಗಾಬರಿಯಲ್ಲೂ ಕೈ ಹಾಗೇ ಮಾಡಬೇಕು ಅಂದ್ರೆ ಬೋಧಕರ ಜೊತೆ ಕೂತು ಗಾಳಿ ಇರುವ ದಿನಗಳಲ್ಲೇ ಅಭ್ಯಾಸ ಮಾಡಬೇಕು. ಗಾಳಿ ನಿಂತ ಬೆಳಗ್ಗೆ ಹೊತ್ತಲ್ಲೇ ಎಲ್ಲಾ ಪಾಠ ಮುಗಿಸಿದವರಿಗೆ ಇದು ಬರಲ್ಲ.

ಮೂಗಿನ ಚಕ್ರದ್ದು ಇನ್ನೊಂದು ಕಿತಾಪತಿ. ಹಲವು ಸಣ್ಣ ವಿಮಾನಗಳಲ್ಲಿ ಆ ಚಕ್ರವೂ ರಡ್ಡರ್ ಪೆಡಲ್‌ಗೇ ಜೋಡಿಸಿರುತ್ತೆ. ನೀವು ಬಲಗಾಲು ಜೋರಾಗಿ ಒತ್ತಿ ಹಿಡಿದಿರುವಾಗಲೇ ಆ ಚಕ್ರ ದಪ್ ಅಂತ ನೆಲಕ್ಕೆ ಬಿದ್ದರೆ ವಿಮಾನ ಬಲಕ್ಕೆ ಚಿಮ್ಮುತ್ತೆ. ಅದನ್ನು ಸರಿ ಮಾಡೋಕೆ ಎಡಗಾಲು ಒತ್ತಿದಾಗ ಗಾಳಿಯೂ ಅದೇ ಕಡೆ ಎಳೆಯುತ್ತೆ. ಹಾವು ಹರಿದ ಹಾಗೆ ಆ ಕಡೆ ಈ ಕಡೆ. ಹಾಗಾಗಿ ಮೂಗನ್ನು ಸಾಧ್ಯವಾದಷ್ಟು ಹೊತ್ತು ಎತ್ತಿ ಹಿಡಿದು, ಕಾಲನ್ನು ಸಮ ಮಾಡುತ್ತಾ ಮೆಲ್ಲಗೆ ಇಳಿಸಬೇಕು. ಭಯಕ್ಕೆ ವೇಗ ಹೆಚ್ಚಿಟ್ಟುಕೊಂಡು ಬಂದು ವಿಮಾನವನ್ನು ಬಲವಂತವಾಗಿ ನೆಲಕ್ಕೆ ಅದುಮುವುದು ಇನ್ನೂ ಕೆಟ್ಟದ್ದು. ಭಾರವೆಲ್ಲ ಮೂಗಿನ ಚಕ್ರದ ಮೇಲೆ, ಹಿಂದಿನ ಎರಡು ಚಕ್ರ ಹಗುರ. ಮರಳು ಹೊರುವ ಒಂಟಿಚಕ್ರದ ತಳ್ಳುಗಾಡಿ ಥರ ಆಗಿಬಿಡುತ್ತೆ. ಬಾಲ ಯಾವ ಕಡೆಗಾದರೂ ತಿರುಗಬಹುದು.

ಇದು ಮೂಗಿನ ಕೆಳಗೆ ಚಕ್ರ ಇರುವ ವಿಮಾನದ ಕಥೆ. ಬಾಲದ ಕೆಳಗೆ ಪುಟ್ಟ ಚಕ್ರ ಇರುವ ಹಳೇ ಮಾದರಿಯ ವಿಮಾನಗಳೂ ಇವೆ, ಪೈಪರ್ ಕಬ್ ಥರದವು. ಅವುಗಳದ್ದು ಇನ್ನೂ ಕಷ್ಟ. ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟಿ ಮುಂದಕ್ಕೆ ಎಳೆದರೆ ಅದು ತಾನಾಗೇ ನೇರ ಬರುತ್ತೆ. ಅದನ್ನೇ ರಿವರ್ಸ್ ತೆಗೆಯೋದು ಊರಲ್ಲಿ ಯಾರಾದರೂ ಕಲಿಯೋವಾಗ ನೋಡಿ. ಒಂಚೂರು ಓರೆ ಆದರೆ ಸಾಕು, ಆ ಓರೆ ತಾನೇ ಬೆಳೆದು ಟ್ರೇಲರ್ ಮಡಚಿಕೊಳ್ಳುತ್ತೆ. ಮೂರುಚಕ್ರದ ವಿಮಾನದಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳ ಮುಂದೆ ಇರುತ್ತೆ, ಮುಂದಕ್ಕೆ ಎಳೆದ ಟ್ರೇಲರ್ ಹಾಗೆ. ಬಾಲಚಕ್ರದ ವಿಮಾನದಲ್ಲಿ ಅದು ಚಕ್ರಗಳ ಹಿಂದೆ ಇರುತ್ತೆ, ರಿವರ್ಸ್ ಟ್ರೇಲರ್ ಹಾಗೆ. ಸಣ್ಣ ಓರೆ ದೊಡ್ಡದಾಗಿ, ಬಾಲ ಮೂಗನ್ನು ಹಿಂದಿಕ್ಕಿ, ವಿಮಾನ ಬುಗುರಿಯಂತೆ ಸುತ್ತಿಕೊಂಡು ರೆಕ್ಕೆ ನೆಲಕ್ಕೆ ಬಡಿಯುತ್ತೆ. ಗ್ರೌಂಡ್ ಲೂಪ್ ಅಂತ ಅದರ ಹೆಸರು. ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಮೆಸ್ಸರ್‌ಶ್ಮಿಟ್ 109ಕ್ಕೆ ಚಕ್ರಗಳ ನಡುವಿನ ಅಂತರವೂ ಕಡಿಮೆ. ಶತ್ರುವಿನ ಗುಂಡು ತಗಲದೆ ನೆಲದ ಮೇಲೇ ಮುರಿದುಬಿದ್ದ ವಿಮಾನಗಳು ಅದರಲ್ಲಿ ಬೇಕಾದಷ್ಟು.

ಎಂಜಿನಿಯರ್‌ಗಳೇನೂ ಸುಮ್ಮನೆ ಕೂತಿರಲಿಲ್ಲ. ನನಗೆ ತುಂಬಾ ಇಷ್ಟವಾಗೋದು ಅಮೆರಿಕದ ಎರ್ಕೂಪ್, 1940ರ ವಿಮಾನ. ಫ್ರೆಡ್ ವೀಕ್ ಅನ್ನೋ ಎಂಜಿನಿಯರ್ ಅದರಲ್ಲಿ ರಡ್ಡರ್ ಪೆಡಲ್‌ಗಳನ್ನೇ ತೆಗೆದುಬಿಟ್ಟ. ರಡ್ಡರ್ ಯೋಕ್‌ಗೇ ಜೋಡಣೆ. ಹಾಗಾದರೆ ಅಡ್ಡಗಾಳಿಯಲ್ಲಿ? ಓರೆಯಾಗೇ ಬಂದು ಓರೆಯಾಗೇ ಇಳಿಯೋದು. ಏಟು ತಡೆಯುವಂಥ ಗಟ್ಟಿ ಚಕ್ರದ ಕಾಲುಗಳು, ಮುಂದಿರುವ ತೂಕ, ಎರಡೂ ಸೇರಿ ವಿಮಾನವನ್ನು ನೆಲದ ಮೇಲೆ ತಾವೇ ನೇರ ಮಾಡ್ತಿದ್ದವು. ಸೆಸ್ನಾ 195ರಲ್ಲಿ ಗುಡ್‌ಇಯರ್‌ನವರ ಚಕ್ರ ಹಾಕಿಸಿಕೊಳ್ಳಬಹುದಿತ್ತು, ಅದು ಪಕ್ಕಕ್ಕೆ ಹೊರಳಿಕೊಳ್ತಿತ್ತು. ವಿಮಾನ ಓರೆಯಾಗಿ ನೋಡ್ತಾ ನೇರವಾಗಿ ಓಡೋದು! ಅಮೆರಿಕದ ದೈತ್ಯ ಬಾಂಬರ್ ಬಿ-52ರ ಚಕ್ರಗಳನ್ನು ಇವತ್ತಿಗೂ 20 ಡಿಗ್ರಿವರೆಗೆ ತಿರುಗಿಸಿಕೊಂಡು ಏಡಿಯಂತೆ ಇಳಿಯಬಹುದು. ಸಣ್ಣ ವಿಮಾನಗಳಲ್ಲಿ ಮಾತ್ರ ಇದು ಯಾವುದೂ ವಾಡಿಕೆಗೆ ಬರಲಿಲ್ಲ. ಖರ್ಚು, ತೂಕ, ರಗಳೆ. ಕೊನೆಗೆ ಎಲ್ಲಾ ಬಂದು ಕೂತಿದ್ದು ಪೈಲಟ್‌ನ ಎರಡು ಪಾದದ ಮೇಲೆ.

ಈ ಪಾದದ ಮಾತು ದೊಡ್ಡ ವಿಮಾನಕ್ಕೂ ಸಲ್ಲುತ್ತೆ. 2008ರ ಡಿಸೆಂಬರ್ 20, ಡೆನ್ವರ್. ಕಾಂಟಿನೆಂಟಲ್ ಏರ್‌ಲೈನ್ಸ್‌ನ ಬೋಯಿಂಗ್ 737, ಒಳಗೆ 115 ಜನ. ಇದು ಇಳಿಯುವಾಗ ಅಲ್ಲ, ಏರೋಕೆ ಓಡುವಾಗ. ಎಡದಿಂದ ಜೋರಾದ, ಬೀಸಿ ಬೀಸಿ ಬರುವ ಗಾಳಿ. ಕ್ಯಾಪ್ಟನ್ ಬಲಗಾಲಿನ ರಡ್ಡರ್‌ನಿಂದ ತಡೆದುಕೊಂಡೇ ಹೋಗ್ತಿದ್ದರು. ಆಮೇಲೆ ಆ ಬಲಗಾಲಿನ ಒತ್ತಡ ನಿಂತಿತು. ಸುಮಾರು ನಾಲ್ಕು ಸೆಕೆಂಡಿನಲ್ಲಿ ವಿಮಾನ ರನ್‌ವೇ ಬಿಟ್ಟು ಎಡಕ್ಕೆ ಹೋಯಿತು, ಬೆಂಕಿ ಹತ್ತಿಕೊಂಡಿತು. ಹಲವರಿಗೆ ಗಾಯ, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಮೆರಿಕದ ತನಿಖಾ ಮಂಡಳಿ ಕಾರಣ ಅಂತ ಬರೆದದ್ದು ಅದನ್ನೇ, ಬೇಕಾಗಿದ್ದ ಬಲ ರಡ್ಡರ್ ನಿಂತುಹೋದದ್ದು. ಆದರೆ ಕ್ಯಾಪ್ಟನ್ ಒಬ್ಬರ ತಲೆಗೆ ಕಟ್ಟಿ ಸುಮ್ಮನಾಗಲಿಲ್ಲ. ಅಂಥ ಗಾಳಿ ಅವರ ತರಬೇತಿ, ಅನುಭವ ಎರಡನ್ನೂ ಮೀರಿದ್ದು ಅಂತಲೂ ಬರೆದರು. ಆ ಎರಡನೇ ಮಾತು ನನಗೆ ಮೊದಲನೆಯದರಷ್ಟೇ ಮುಖ್ಯ ಅನಿಸುತ್ತೆ.

ಸಣ್ಣ ವಿಮಾನ ಹುಲ್ಲಿಗೆ ಇಳಿದರೆ ಸಾಮಾನ್ಯವಾಗಿ ಜೀವ ಹೋಗಲ್ಲ. ಪ್ರೊಪೆಲ್ಲರ್ ಬಾಗುತ್ತೆ, ಚಕ್ರದ ಕಾಲು ಮುರಿಯುತ್ತೆ, ವಿಮಾನ ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಲ್ಲುತ್ತೆ. ಜೀವ ಹೋಗೋದು ಬೇರೆ ರೀತಿಯಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇಡೀ ವಿಷಯದಲ್ಲಿ ನಿಜವಾಗಿ ಹೆದರಬೇಕಾದ್ದು ಇದೊಂದಕ್ಕೆ.

ಲ್ಯಾಂಡಿಂಗ್ ಸರಿ ಹೋಗ್ತಿಲ್ಲ ಅನಿಸಿದರೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೆ ಹೋಗೋದಕ್ಕೆ ಗೋ-ಅರೌಂಡ್ ಅಂತಾರೆ. ಹ್ಯಾಂಬರ್ಗ್‌ನಲ್ಲಿ ಉಳಿಸಿದ್ದು ಅದೇ. ನೂರು ಅಡಿ ಎತ್ತರದಲ್ಲೇ ಗೆರೆ ಮೇಲೆ ನಿಲ್ಲೋಕೆ ಆಗ್ತಿಲ್ಲ ಅಂತ ಗೊತ್ತಾದಾಗ ಮಾಡಿದರೆ ಅದರಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ಮಾಡದೆ, ಹೇಗಾದರೂ ಇಳಿಸ್ತೀನಿ ಅಂತ ಹಟ ಹಿಡಿದು, ನೆಲ ಮುಟ್ಟಿ, ಎಡಕ್ಕೆ ಎಳೆದುಕೊಂಡು ಹೋಗಿ, ಹುಲ್ಲು ಕಣ್ಣೆದುರು ಬಂದಾಗ ಥ್ರಾಟಲ್ ಒತ್ತಿದರೆ? ವೇಗ ಇರೋದು ನಲವತ್ತು ಚಿಲ್ಲರೆ ನಾಟ್. ಫ್ಲ್ಯಾಪ್ ಪೂರ್ತಿ ಕೆಳಗಿದೆ. ಇಂಥ ವಿಮಾನಗಳಲ್ಲಿ ಬಹುಪಾಲು ಎಂಜಿನ್ ಕೂತವರ ಕಣ್ಣಿಗೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತೆ, ಪೂರ್ತಿ ಶಕ್ತಿ ಕೊಟ್ಟಾಗ ಮೂಗನ್ನು ಎಡಕ್ಕೆ ಎಳೆಯುತ್ತೆ. ಗಾಳಿ ಆಗಲೇ ಎಡಕ್ಕೆ ಎಳೆಯುತ್ತಿದೆ. ವಿಮಾನ ಹಾರೋಕೆ ಬೇಕಾದ ವೇಗ ಬರುವ ಮೊದಲೇ ನೆಲ ಬಿಡುತ್ತೆ, ಮೂಗು ಮೇಲೆ, ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ಒಂದು ಕಡೆ ಮಗುಚುತ್ತೆ. ಮೂವತ್ತು ಅಡಿಯಿಂದ ಹಾಗೆ ಬಿದ್ದರೆ ಉಳಿಯೋದು ಕಷ್ಟ. ಆ ಹೊತ್ತಿಗೆ ವಿಮಾನ ಹುಲ್ಲಿಗೆ ಹೋಗಲಿ ಬಿಡಿ, ಥ್ರಾಟಲ್ ಹಿಂದಕ್ಕೆ ಎಳೆದು ಕಾಲಿನಿಂದ ಆದಷ್ಟು ನೇರ ಹಿಡಿದು ಮುರಿದದ್ದು ಮುರಿಯಲಿ ಅಂತ ಬಿಡೋದೇ ಎಷ್ಟೋ ಮೇಲು. ಬೇಗ ಮಾಡಿದ ಗೋ-ಅರೌಂಡ್ ಜೀವ ಉಳಿಸುತ್ತೆ. ತಡವಾಗಿ ಮಾಡಿದ್ದು ಬಾಗಿದ ಪ್ರೊಪೆಲ್ಲರ್‌ನ ಅಪಘಾತವನ್ನು ಸಾವಿನ ಅಪಘಾತ ಮಾಡಿಬಿಡುತ್ತೆ.

ಹಾಗಾದರೆ ಜನ ಬೇಗ ಯಾಕೆ ಮಾಡಲ್ಲ? ಇಲ್ಲಿ ಭೌತಶಾಸ್ತ್ರ ಮುಗಿದು ಮನುಷ್ಯನ ಮನಸ್ಸು ಶುರುವಾಗುತ್ತೆ. ಹಾರಾಟದ ಒಂದೊಂದು ಗಂಟೆಗೂ ದುಡ್ಡು. ಮನೆಯಲ್ಲಿ ಅಪ್ಪ ಸಾಲ ಮಾಡಿರ್ತಾರೆ, ಅಮ್ಮನ ಒಡವೆ ಬ್ಯಾಂಕಿನಲ್ಲಿರುತ್ತೆ. ಕೆಳಗೆ ಹ್ಯಾಂಗರ್ ಹತ್ತಿರ ಜೊತೆಯವರು ನಿಂತು ನೋಡ್ತಿರ್ತಾರೆ. ಮೂರು ಸಲ ಸುತ್ತು ಹಾಕಿದರೆ ಏನಂದ್ಕೋತಾರೋ ಅನ್ನೋ ಸಂಕೋಚ. ಒಂಟಿಯಾಗಿ ಹಾರುವ ವಿದ್ಯಾರ್ಥಿಗೆ 16 ವರ್ಷವೂ ಇರಬಹುದು. ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ ಅಷ್ಟಾದರೆ ಸಾಕು. ಆ ವಯಸ್ಸಲ್ಲಿ ನಾಲ್ಕು ಜನ ನಗ್ತಾರೆ ಅನ್ನೋದು ಗಾಳಿಗಿಂತ ದೊಡ್ಡ ಭಯ. ಬೋಧಕರು ಗೋ-ಅರೌಂಡ್ ಮಾಡಿದವರನ್ನು ಎಲ್ಲರೆದುರು ಹೊಗಳುವ ಕಡೆ ಹುಡುಗರು ಸಲೀಸಾಗಿ ಮಾಡ್ತಾರೆ. ಇನ್ನೂ ಎಷ್ಟು ಸುತ್ತು ಹಾಕ್ತೀಯಪ್ಪ ಅಂತ ರೇಗುವ ಕಡೆ ಮಾಡಲ್ಲ. ಇಷ್ಟು ಸಣ್ಣ ವಿಷಯ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದನ್ನೂ ಹೇಳಿಬಿಡ್ತೀನಿ. ಸೆಸ್ನಾ 172ರ ಕೈಪಿಡಿಯಲ್ಲಿ ಅಡ್ಡಗಾಳಿಗೆ 15 ನಾಟ್ ಅಂತ ಬರೆದಿರುತ್ತೆ. ಸೆಸ್ನಾ 152ರಲ್ಲಿ 12. ಎಷ್ಟೋ ಜನ ಇದನ್ನು ವಿಮಾನದ ಮಿತಿ ಅಂದ್ಕೊಳ್ತಾರೆ. ಕೈಪಿಡಿಯಲ್ಲಿ ಅದಕ್ಕೆ 'ಮಾಡಿ ತೋರಿಸಿದ' ವೇಗ ಅನ್ನುವ ಅರ್ಥದ ಹೆಸರಿದೆ. ಅಂದ್ರೆ ಹೊಸ ವಿಮಾನದ ಪರೀಕ್ಷೆ ನಡೆಯುವಾಗ ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ, ಅಷ್ಟೆ. ಅಮೆರಿಕದ ಹಳೇ ನಿಯಮ ಕೇಳುತ್ತಿದ್ದದ್ದು ಇನ್ನೂ ಕಡಿಮೆ, ವಿಮಾನದ ಸ್ಟಾಲ್ ವೇಗದ ಐದನೇ ಒಂದು ಭಾಗದಷ್ಟು ಅಡ್ಡಗಾಳಿ ತಡೆದುಕೊಂಡರೆ ಸಾಕು. ವಿಮಾನ ಅದಕ್ಕಿಂತ ಹೆಚ್ಚನ್ನೂ ತಡೆಯಬಹುದು. ಆದರೆ ಇಳಿಸಿ ತೋರಿಸಿದ್ದು ಸಾವಿರಾರು ಗಂಟೆ ಹಾರಿದ ಪರೀಕ್ಷಾ ಪೈಲಟ್. ನಿಮ್ಮದು ನಲವತ್ತು ಗಂಟೆ ಆಗಿದ್ದರೆ ಆ 15 ನಿಮ್ಮ ಸಂಖ್ಯೆ ಅಲ್ಲ. ನಿಮ್ಮದು 6 ಇರಬಹುದು, 8 ಇರಬಹುದು. ಅದನ್ನು ಬೋಧಕರ ಜೊತೆ ಕೂತು ನಿರ್ಧರಿಸಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನೆಲದ ಮೇಲೆ ಇರುವಾಗಲೇ. ಮೇಲೆ ಹೋದ ಮೇಲೆ ಆ ಸಂಖ್ಯೆ ಹಿಗ್ಗೋಕೆ ಶುರುವಾಗುತ್ತೆ.

ಗಾಳಿ ಒಂದೇ ಸಮ ಬೀಸ್ತಿದೆಯೋ, ಬಿಟ್ಟು ಬಿಟ್ಟು ಬೀಸ್ತಿದೆಯೋ ಅನ್ನೋದೂ ನೋಡಬೇಕು. ಗದಗ, ಚಿತ್ರದುರ್ಗದ ಹೈವೇಯಲ್ಲಿ ಬೈಕಿನಲ್ಲಿ ಲಾರಿ ಓವರ್‌ಟೇಕ್ ಮಾಡಿದವರಿಗೆ ಗೊತ್ತು. ಲಾರಿಯ ಮರೆಯಲ್ಲಿ ಗಾಳಿ ಇರಲ್ಲ, ದಾಟಿದ ಕ್ಷಣ ಒಂದೇ ಏಟಿಗೆ ಪಕ್ಕಕ್ಕೆ ನೂಕುತ್ತೆ. ರನ್‌ವೇ ಪಕ್ಕದ ಹ್ಯಾಂಗರ್‌ಗಳು, ಮರಗಳ ಸಾಲು ಕೂಡ ಹಾಗೇ. ಹ್ಯಾಂಗರ್ ಮರೆಯಲ್ಲಿ ನೆಲ ಮುಟ್ಟಿ, ಇನ್ನೇನು ಆಯ್ತು ಅಂದ್ಕೊಳ್ಳುವಾಗ ಎರಡು ಕಟ್ಟಡಗಳ ನಡುವಿನ ಸಂದಿಯಿಂದ ಗಾಳಿ ನುಗ್ಗಿ ಬರುತ್ತೆ. ಟವರ್‌ನವರು ಹೇಳೋದು ಗಾಳಿಯ ಅಳತೆ ಇಟ್ಟ ಜಾಗದ್ದು. ಕಣ್ಣಿಗೆ ಕಾಣುವ ಗಾಳಿಚೀಲ ಏನು ಹೇಳ್ತಿದೆ ಅಂತ ಇಳಿಯುವ ಮೊದಲು ಒಮ್ಮೆ ನೋಡೋ ಅಭ್ಯಾಸ ಒಳ್ಳೇದು.

ರನ್‌ವೇ ಬಿಟ್ಟು ಟ್ಯಾಕ್ಸಿವೇಗೆ ತಿರುಗಿದ ಮೇಲೂ ಕೈ ಖಾಲಿ ಇರಲ್ಲ. ಗಾಳಿ ಮುಂದಿನಿಂದ ಪಕ್ಕಕ್ಕೆ ಬರ್ತಿದ್ದರೆ ಯೋಕ್ ಗಾಳಿಯ ಕಡೆಗೆ, ಹಿಂದಿನಿಂದ ಬರ್ತಿದ್ದರೆ ಗಾಳಿಯಿಂದ ಆಚೆಗೆ ತಿರುಗಿಸಿ ಮುಂದಕ್ಕೆ ಒತ್ತಬೇಕು. ನಿಲ್ಲಿಸುವ ಜಾಗಕ್ಕೆ ಬಂದು ಎಂಜಿನ್ ಆರಿಸಿದ ಮೇಲೆ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಎರಡು ರೆಕ್ಕೆ, ಬಾಲ ಮೂರನ್ನೂ ನೆಲದ ಕೊಂಡಿಗೆ ಹಗ್ಗದಿಂದ ಬಿಗಿಯಬೇಕು. ಖಾಲಿ ಸೆಸ್ನಾವನ್ನು ಜೋರು ಗಾಳಿ ಮಗುಚಿ ಹಾಕಬಲ್ಲದು. ಆಮೇಲೆ ಬೇಕಾದರೆ ಕಾಲು ಚಾಚಿ ಕೂತು ಚಹಾ ಕುಡಿಯಬಹುದು.